ಕೀರ್ತನೆಗೆ ಕೊರೆದ ಕೀಲಿಕೈ

ಭಕ್ತಿ ಒಳ್ಳೆಯದೇ, ಆದರೆ ನನ್ನಂಥವನ ಕೈಗೆ ಸಿಕ್ಕರೆ ಅದರಿಂದಲೂ ಊರಿಗೆ ಉಪದ್ರವವಾಗಬಹುದು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ದಿಂಡಿಗಲ್ಲಿನಲ್ಲಿ ಬೀಗ ಮಾಡುವವನು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತಮಿಳು, ಪ್ರಾರ್ಥನೆಯಲ್ಲಿ ಎರಡರ ಬೆರಕೆ. ಅರ್ಥವಾಗಲಿಲ್ಲವೆಂದು ದೇವರು ಇದುವರೆಗೆ ದೂರಿಲ್ಲ. ನಮ್ಮಪ್ಪ ಹೊಲ ಬಿಟ್ಟು ಕ್ರಿಸ್ತನ ಸಭೆ ಸೇರಿದ ಮೇಲೆ ನನ್ನನ್ನು ಈ ಕಸುಬಿಗೆ ಹಾಕಿದ. ನನಗೋ ಒಳಗೊಳಗೇ ಉಪದೇಶಿಯಾಗುವ ಆಸೆ. ಬಿಳಿ ಅಂಗಿ ತೊಟ್ಟು ಹಳ್ಳಿ ಹಳ್ಳಿ ಸುತ್ತುವವನೇ ದೇವರ ಕೆಲಸದವನು, ಕಬ್ಬಿಣದ ಪುಡಿ ಮೆತ್ತಿಕೊಂಡು ಕೂತವನದು ಬರೀ ಹೊಟ್ಟೆಪಾಡು ಎಂದು ತಿಳಿದಿದ್ದೆ. ಇಷ್ಟಕ್ಕೂ ಬೀಗ ಎಂದರೇನು? ನೆರೆಯವನನ್ನು ಪ್ರೀತಿಸಬೇಕಾದವನು, ನೆರೆಯವನನ್ನು ನಂಬಬೇಡ ಎಂದು ಕಬ್ಬಿಣದಲ್ಲಿ ಬರೆದುಕೊಡುವುದು! ಈ ಮಾತನ್ನು ಹೆಂಡತಿ ಅನ್ನಮ್ಮನಿಗೆ ಹೇಳಿದಾಗ ಅವಳು ಸೊಪ್ಪು ಸೋಸುತ್ತಲೇ ಇದ್ದಳು.

ಒಂದು ಭಾನುವಾರ ನಮ್ಮ ಪಾದ್ರಿಗಳು, ಕೈಯಲ್ಲಿರುವ ಕೆಲಸವನ್ನೇ ದೇವರಿಗೆಂದು ಮಾಡಿದರೆ ಅದೇ ಆರಾಧನೆ ಎಂದರು. ನನಗೆ ಮೈ ಜುಮ್ಮೆಂದಿತು. ಮರುದಿನದಿಂದಲೇ ಅರ ಉಜ್ಜುತ್ತಾ ಗಟ್ಟಿಯಾಗಿ ಕೀರ್ತನೆ ಹಾಡತೊಡಗಿದೆ. ಬರುತ್ತಿದ್ದುದು ಒಂದೇ ಕೀರ್ತನೆ, ನಾಲ್ಕು ಸಾಲಿನದು. ಎದುರಂಗಡಿಯ ಚರ್ಮದ ವ್ಯಾಪಾರಿ ಬಾಗಿಲು ಮುಚ್ಚಿಕೊಂಡು ಕೂತ. ಅವನ ಅಂಗಡಿಯ ವಾಸನೆ ನಾನು ಇಷ್ಟು ವರ್ಷ ಕುಡಿದಿಲ್ಲವೇ? ಕಣ್ಣು ಮುಚ್ಚಿ, ತಲೆಯೆತ್ತಿ, ಒಂದು ತಿಂಗಳಲ್ಲಿ ಹನ್ನೊಂದು ಬೀಗ ಮಾಡಿ ಮಾರಿದೆ.

ಆಮೇಲೆ ಕಂಬಂನಿಂದ ರಂಗಣ್ಣಗೌಂಡರು ಬಂದರು. ಮಲೆಯ ಮೇಲೆ ಬಿಳಿ ದೊರೆಗಳು ಹೊಳೆಗೆ ಅಡ್ಡವಾಗಿ ಅಣೆ ಕಟ್ಟಿಸುತ್ತಿದ್ದ ಕಾಲ. ಅಲ್ಲಿನ ಕೂಲಿಗಳಿಗೆ ಗೌಂಡರು ಅಕ್ಕಿ ಕಳಿಸುತ್ತಿದ್ದರು. ಅವರ ಉಗ್ರಾಣಕ್ಕೂ ನನ್ನದೇ ಬೀಗ, ದಿಂಡಿಗಲ್ಲಿನಲ್ಲಿರುವ ಅವರ ತಂಗಿಯ ಮನೆಗೂ ನನ್ನದೇ ಬೀಗ. ನಮ್ಮ ಕಡೆಯ ಬೆರಕೆ ಮಾತಿನಲ್ಲಿ ಬೀಗಕ್ಕೆ ಪೂಟ್ಟು, ಕೀಲಿಕೈಗೆ ಸಾವಿ.

"ಏನಪ್ಪಾ, ನನ್ನ ಸಾವಿ ಹಾಕುದ್ರೆ ತಂಗಿ ಮನೆ ಪೂಟ್ಟೂ ತೆಗೀತದೆ," ಎಂದು ಕೀಲಿಕೈಯನ್ನು ಮುಂದೆ ಹಿಡಿದರು. "ಎಲ್ಲಾರ್ಕೂ ಒಂದೇ ಬಾಗ್ಲು ಅಂತ ನಿಮ್ಮ ಸಾಮಿ ಸೊಲ್ಲಿದಾರಾ?"

ನಮ್ಮಲ್ಲಿ ಅಚ್ಚಿಲ್ಲ, ಮಾದರಿಯಿಲ್ಲ. ಮೊದಲು ಕೀಲಿಕೈಗೆ ಹಲ್ಲು ಕೊರೆದು, ಅದಕ್ಕೆ ಹೊಂದುವಂತೆ ಒಳಗಿನ ತಗಡು ಕೂರಿಸುತ್ತೇವೆ. ಕೈ ಹೋದಂತೆ ಹಲ್ಲು. ಹಾಗಾಗಿಯೇ ಒಂದರಂತೆ ಇನ್ನೊಂದು ಇರುವುದಿಲ್ಲ. ಆದರೆ ನನ್ನ ಕೈ ಕೀರ್ತನೆಯ ಹಿಂದೆ ಹೋಗಿತ್ತು. ಸಾಲಿಗೊಂದು ಹಲ್ಲು, ರಾಗ ಎಳೆದಲ್ಲಿ ಆಳ, ಇಳಿಸಿದಲ್ಲಿ ತೆಳು. ಹನ್ನೊಂದು ಬೀಗಕ್ಕೂ ಒಂದೇ ಕೀಲಿಕೈ!

ಗೌಂಡರು ದೊಡ್ಡ ಮನಸ್ಸಿನವರು. "ನನ್ನದ ಮಾತ್ರ ಮಾತ್ತಿ ಬೇರೆ ಪೂಟ್ಟು ಕುಡು. ನಾ ಯಾರ್ಕೂ ಸೊಲ್ಲಲ್ಲ," ಎಂದರು. ಸುಳ್ಳೇಕೆ, ನನಗೂ ಅದೇ ಸರಿ ಎನಿಸಿತು. ಊರಿಗೆ ತಿಳಿದರೆ ಮತ್ತೆ ನನ್ನ ಅಂಗಡಿಗೆ ಯಾರು ಬಂದಾರು? ಒಳಗಿನಿಂದ ಅನ್ನಮ್ಮ ಬಂದಳು.

"ಊರ್ನೋರು ನಿಮ್ಮ ಕೀರ್ತನೆ ಪಾಟ್ಟನ್ನ ನಂಬಿಯಾ ಮಲಿಕ್ಕೊಳ್ಳದು? ಪೂಟ್ಟನ್ನ ನಂಬಿ ತಾನೇ! ಏಳಿ, ಹೋಗಿ ಸೊಲ್ಲಿಟ್ಟು ಬನ್ನಿ."

ಮನೆ ಮನೆಗೆ ಹೋದೆ. ಉಪದೇಶಿಯಾಗಿ ಬಾಗಿಲು ತಟ್ಟುವ ಆಸೆ ಹೀಗೆ ತೀರಿತು. ಕೆಲವರು ನಕ್ಕರು, ಕೆಲವರು ಬೈದರು, ಒಬ್ಬರು ಇಂದಿಗೂ ಮುಖ ಕೊಟ್ಟು ಮಾತಾಡುವುದಿಲ್ಲ. ಕೊನೆಗೆ ಪಾದ್ರಿಗಳ ಬಳಿ ಹೋಗಿ ಎಲ್ಲ ಹೇಳಿಕೊಂಡೆ. ಅವರು ಒಳಗೆ ಹೋಗಿ ಒಂದು ಬೀಗ ತಂದು ನನ್ನ ಕೈಗಿಟ್ಟರು. ಸಭೆಯ ಅಕ್ಕಿ ಪೆಟ್ಟಿಗೆಯದು, ಹನ್ನೊಂದನೆಯದು. ನಮ್ಮ ಹೆಂಗಸರು ಒಲೆ ಹೊತ್ತಿಸುವ ಮುಂಚೆ ದಿನಕ್ಕೊಂದು ಹಿಡಿ ಅಕ್ಕಿಯನ್ನು ದೇವರಿಗೆಂದು ತೆಗೆದಿಟ್ಟು ತಂದು ಸುರಿಯುವ ಪೆಟ್ಟಿಗೆ ಅದು. ಅವರಲ್ಲಿ ಯಾರೂ ಅಕ್ಕಿ ಅಳೆಯುವಾಗ ಹಾಡಿದ್ದನ್ನು ನಾನು ಕೇಳಿಲ್ಲ. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಹನ್ನೊಂದನ್ನೂ ಹೊಸದಾಗಿ ಮಾಡಲು ಕೂತೆ, ಬಾಯಿ ಮುಚ್ಚಿಕೊಂಡು. ಕಣ್ಣು ಹಲ್ಲಿನ ಮೇಲೆ, ಮನಸ್ಸು ಆ ಬೀಗವನ್ನು ನಂಬಿ ಮಲಗುವವರ ಮೇಲೆ. ಅಕ್ಕಿ ಪೆಟ್ಟಿಗೆಯ ಕೀಲಿಕೈಗೆ ಬರುವ ಹೊತ್ತಿಗೆ ಎದೆಯಲ್ಲಿ ಎಂಥದೋ ತಂಪು. ದೇವರು ಪಕ್ಕದಲ್ಲೇ ಕೂತು ನೋಡುತ್ತಿರುವಂತಿತ್ತು. ಪಾದ್ರಿಗಳು ಹೇಳಿದ ಆರಾಧನೆ ಇದೇ ಎಂದು ಹೊಳೆಯಿತು. ಜೊತೆಗೇ, ಇಷ್ಟು ಬೇಗ ಇಷ್ಟು ದೊಡ್ಡ ವಿನಯ ಈ ಊರಿನಲ್ಲಿ ಇನ್ನಾರಿಗೆ ಬಂದೀತು ಎಂದು ನನ್ನನ್ನು ನಾನೇ ಮೆಚ್ಚಿಕೊಂಡೆ. ಅರ ಜಾರಿ ಕೀಲಿಕೈಯ ಮೂರನೆಯ ಹಲ್ಲು ಹಾರಿಹೋಯಿತು.