ಮುಚ್ಚಳದ ಕಾರ್ಖಾನೆಯ ಮಾತಾಡುವ ಸಿಡಿ

ಅಂಧ ಮಕ್ಕಳ ಶಾಲೆಗೆ ಪಾಠಗಳನ್ನು ಧ್ವನಿರೂಪದಲ್ಲಿ ಒದಗಿಸುವ ಸಲುವಾಗಿ, ಸಿಡಿ ತಯಾರಿಸುವ ನಂಬಿಕಸ್ಥ ಕಂಪನಿಯೊಂದನ್ನು ಆರಿಸಲು ಇಲಾಖೆಯು ಸಮಿತಿಯನ್ನು ರಚಿಸಿತು. ನಿರ್ದೇಶಕರೇ ಅಧ್ಯಕ್ಷರಾಗಿದ್ದ ಸಮಿತಿಯು ಮೊದಲ ಸಭೆಯಲ್ಲಿ ನಂಬಿಕೆ ಎಂದರೇನು ಎಂದು ಆಳವಾಗಿ ಚರ್ಚಿಸಿ, ತಿಂಡಿ ಮುಗಿಸಿ, ‘ಈವರೆಗೆ ಒಂದೂ ಕೆಟ್ಟ ಸಿಡಿ ತಯಾರಿಸದ ಕಂಪನಿಯೇ ನಂಬಿಕಸ್ಥ ಕಂಪನಿ’ ಎಂದು ತೀರ್ಮಾನಿಸಿತು.

ಮೂರು ಕಂಪನಿಗಳು ಮುಂದೆ ಬಂದವು. ಮೊದಲನೆಯದರ ಮಾಲೀಕರು, ಸಾವಿರಕ್ಕೆ ಒಂದೆರಡು ಕೆಡುವುದುಂಟು, ಕೆಟ್ಟರೆ ಬದಲಿಸಿಕೊಡುತ್ತೇವೆ ಎಂದರು. ತಪ್ಪೊಪ್ಪಿಗೆಯನ್ನು ದಾಖಲಿಸಿಕೊಂಡು ಅವರನ್ನು ಕಳುಹಿಸಲಾಯಿತು. ಎರಡನೆಯವರು ಮಾದರಿ ಸಿಡಿಯನ್ನು ಸಭೆಯಲ್ಲೇ ಹಾಕಿ ಕೇಳಿಸಿದರು. ಚೆನ್ನಾಗಿಯೇ ಕೇಳಿಸಿತು. ಆದರೆ ಒಮ್ಮೆ ಹಾಕಿದ ಮೇಲೆ ಅದು ಬಳಸಿದ ವಸ್ತುವಾಯಿತು. ಬಳಸಿದ ವಸ್ತುವನ್ನು ಕೊಳ್ಳಲು ನಿಯಮದಲ್ಲಿ ಅವಕಾಶವಿರಲಿಲ್ಲ.

ಮೂರನೆಯವರು ನಿರ್ದೇಶಕರ ಭಾವಮೈದುನ. ಅವರದು ಪಾತ್ರೆಗಳಿಗೆ ಸ್ಟೀಲ್ ಮುಚ್ಚಳ ಮಾಡುವ ಕಾರ್ಖಾನೆ.

“ನಿಮ್ಮ ಸಿಡಿ ಯಾವತ್ತಾದ್ರೂ ಕೆಟ್ಟಿದೆಯೇನ್ರಿ?” ಎಂದು ನಿರ್ದೇಶಕರು ಯಾವ ಸಂಬಂಧವೂ ಇಲ್ಲದವರಂತೆ ಕೇಳಿದರು.

“ಒಂದೂ ಇಲ್ಲ ಭಾವ.”

“ಎಷ್ಟು ಮಾಡಿದೀರಿ?”

“ಒಂದೂ ಇಲ್ಲ ಭಾವ.”

ಎರಡೂ ಉತ್ತರಗಳು ಒಂದಕ್ಕೊಂದು ತಾಳೆಯಾಗಿದ್ದನ್ನು ಸಮಿತಿ ಮೆಚ್ಚಿಕೊಂಡಿತು. ಕಾರ್ಖಾನೆಯ ತಪಾಸಣೆಗೆ ಹೋದ ಸದಸ್ಯರೊಬ್ಬರು ಮುಚ್ಚಳವನ್ನು ಬೆಳಕಿಗೆ ಹಿಡಿದು, “ದುಂಡಗಿದೆ, ಹೊಳೀತಿದೆ. ನಡುವೆ ತೂತು ಮಾತ್ರ ಇಲ್ಲ,” ಎಂದರು. “ಕೊರೆದ್ರಾಯ್ತು,” ಎಂದರು ಭಾವಮೈದುನ. ತಾಂತ್ರಿಕ ಆಕ್ಷೇಪಣೆ ಅಲ್ಲಿಗೆ ಇತ್ಯರ್ಥವಾಯಿತು.

ಪೆಟ್ಟಿಗೆಗಳು ಶಾಲೆಗೆ ಬಂದವು. ಚರಿತ್ರೆಯ ಟೀಚರು ಮೊದಲ ಸಿಡಿಯನ್ನು ಯಂತ್ರದೊಳಗೆ ತುರುಕಿದಾಗ, ಯಂತ್ರವು ಕರಕರ ಎಂದು ಹಲ್ಲು ಕಡಿದು ಸುಮ್ಮನಾಯಿತು. ಮುಂದಿನ ಬೆಂಚಿನ ಹುಡುಗಿ ಇನ್ನೊಂದನ್ನು ಕೈಗೆತ್ತಿಕೊಂಡು ಅಂಚು ಸವರಿದಳು.

“ಮೇಡಂ, ಇದು ಮುಚ್ಚಳ. ನಮ್ಮನೇಲಿ ಹಾಲಿನ ಪಾತ್ರೆಗೆ ಇಂಥದ್ದೇ ಇದೆ. ಅದು ಮಾತ್ರ ತೂತಿಲ್ಲದ್ದು.”

ಪರೀಕ್ಷೆ ಹತ್ತಿರವಿತ್ತು. ಮಕ್ಕಳ ಕೈಯಲ್ಲಿ ಪಾಠವೇ ಇರಲಿಲ್ಲ. ಆ ರಾತ್ರಿ ಟೀಚರು ಮನೆಯಲ್ಲಿ ವಿಷಯ ಹೇಳಿದರು. ಅವರ ಗಂಡ ದರ್ಜಿ, ಹೊಲಿಗೆ ಯಂತ್ರದಿಂದ ತಲೆ ಎತ್ತದೆ, “ನಿನ್ನ ನೌಕರೀನೇ ಪರೀಕ್ಷೆ ಮುಗಿಯೋವರೆಗೆ. ದೊಡ್ಡವರನ್ನ ಎದುರು ಹಾಕ್ಕೋಬೇಡ ಕಣೆ,” ಎಂದರು. ಟೀಚರು ಮಾರನೆಯ ದಿನವೇ ನಿರ್ದೇಶಕರ ಕೋಣೆಗೆ ಹೋದರು.

“ಸರ್, ಸಿಡಿ ಮಾತಾಡ್ತಿಲ್ಲ.”

“ನೋಡೋಕೆ ಹೇಗಿದೆ?”

“ನೋಡೋಕೆ ಚೆನ್ನಾಗೇ ಇದೆ ಸರ್. ಆದ್ರೆ ನಮ್ಮ ಮಕ್ಕಳು ನೋಡೋದಿಲ್ಲ.”

“ಅದಕ್ಕೆ ಕಂಪನಿ ಏನಮ್ಮಾ ಮಾಡೋಕಾಗತ್ತೆ?”

ಟೀಚರು ಶಾಲೆಗೆ ಮರಳಿದರು. ಬಾಗಿಲು ಮುಂದೆ ಮಾಡಿ, ಪುಸ್ತಕ ತೆರೆದು, ತಾವೇ ಗಟ್ಟಿಯಾಗಿ ಓದತೊಡಗಿದರು. ಚರಿತ್ರೆ ಮುಗಿದ ಮೇಲೆ ಭೂಗೋಳ, ಅದಾದ ಮೇಲೆ ವಿಜ್ಞಾನ. ಗಂಟಲು ಕಟ್ಟಿದಾಗ ಬಿಸಿನೀರು ಕುಡಿದು ಮತ್ತೆ ಓದಿದರು. ಅರ್ಥವಾಗದಿದ್ದರೆ ಮಕ್ಕಳು ತಡೆಯುತ್ತಿದ್ದರು. ಅವರು ಹಿಂದಕ್ಕೆ ಹೋಗಿ ಬಿಡಿಸಿ ಹೇಳುತ್ತಿದ್ದರು.

ಆಗ ಸಿಡಿ ಖರೀದಿಯ ತಪಾಸಣೆಗೆ ಲೆಕ್ಕಪರಿಶೋಧಕರು ಬಂದರು. ವರಾಂಡದಲ್ಲಿ ನಿಂತೇ ಪಾಠ ಕೇಳಿ, ಸಿಡಿಯ ಧ್ವನಿ ಸ್ಫುಟವಾಗಿದೆ ಎಂದು ಬರೆದುಕೊಂಡರು. ನಂತರ ಗಾಳಿಗೆಂದು ಬಾಗಿಲು ತೆರೆದ ಹುಡುಗಿಯ ದೆಸೆಯಿಂದ ಅವರಿಗೆ ಒಳಗಿನ ಟೀಚರು ಕಂಡರು. ಬರೆದದ್ದನ್ನು ಹೊಡೆದುಹಾಕುವ ಪದ್ಧತಿ ಅವರಲ್ಲಿರಲಿಲ್ಲ. ಅವರು ನಿರ್ದೇಶಕರಿಗೆ ಫೋನು ಮಾಡಿದರು. ಸಂಜೆಯೊಳಗೆ ಸುತ್ತೋಲೆ ಹೊರಟಿತು:

‘ಪಾಠವು ಯಾವುದರಿಂದ ಕೇಳಿಬರುತ್ತದೆಯೋ ಅದನ್ನೇ ಸಿಡಿ ಎಂದು ಪರಿಗಣಿಸತಕ್ಕದ್ದು. ಸದರಿ ಸಿಡಿಯನ್ನು ಬಿಸಿಲು, ಧೂಳು ಮತ್ತು ತೇವದಿಂದ ದೂರವಿಡತಕ್ಕದ್ದು. ಮೇಲ್ಮೈಗೆ ಬೆರಳು ತಾಗಿಸಕೂಡದು.’

ಜವಾನ ಟೀಚರಿಗೆ ಕೊಡೆ ಹಿಡಿಯತೊಡಗಿದ. ಮುಖ್ಯೋಪಾಧ್ಯಾಯರು ಕೈ ಕುಲುಕುವುದನ್ನು ಬಿಟ್ಟು ದೂರದಿಂದಲೇ ಕೈಮುಗಿದರು. ಭಾವಮೈದುನ ಮಾತ್ರ ಬೇಸರಗೊಂಡು ಓಡಿ ಬಂದರು.

“ಪ್ರಶ್ನೆಗೆ ಉತ್ತರ ಕೊಡೋ ಸೌಲಭ್ಯ ನಾವು ಒಪ್ಕೊಂಡಿರಲಿಲ್ಲ. ಅದಕ್ಕೆ ಬೇರೆ ದರ ಆಗತ್ತೆ.”

“ನಾನೇನು ನಿಮ್ಮ ಕಾರ್ಖಾನೇಲಿ ಹುಟ್ಟಿದ್ನಾ?” ಎಂದರು ಟೀಚರು.

“ಜಗಳ ಯಾಕಮ್ಮಾ? ಪೂರೈಕೆ ನಮ್ಮದು, ಧ್ವನಿ ನಿಮ್ಮದು.”

ಮಕ್ಕಳೆಲ್ಲ ಪಾಸಾದರು. ಮುಂದಿನ ಬೆಂಚಿನ ಹುಡುಗಿ ಚರಿತ್ರೆಯಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ತೆಗೆದಳು. ಟೀಚರು ಅವಳ ಅಂಕಪಟ್ಟಿಯನ್ನು ಅವಳಿಗೇ ಎರಡು ಸಲ ಓದಿ ಹೇಳಿ, ಆಮೇಲೆ ಸಿಬ್ಬಂದಿ ಕೋಣೆಗೆ ಹೋಗಿ ಸ್ವಲ್ಪ ಹೊತ್ತು ಅತ್ತರು. ಇಲಾಖೆಯು ನಿರ್ದೇಶಕರಿಗೆ ಶಾಲು ಹೊದಿಸಿತು.

ಬೇಸಿಗೆ ರಜೆಗೆ ತಾತ್ಕಾಲಿಕ ಶಿಕ್ಷಕರೆಲ್ಲರನ್ನೂ ವಾಡಿಕೆಯಂತೆ ಮನೆಗೆ ಕಳುಹಿಸಲಾಯಿತು. ಟೀಚರೂ ಚೀಲ ಹೆಗಲಿಗೇರಿಸಿದರು. ಗುಮಾಸ್ತರು ತಡೆದರು.

“ನೀವೆಲ್ಲಿಗೆ ಮೇಡಂ? ಶಿಕ್ಷಕಿಯಾಗಿ ನಿಮ್ಮ ಅವಧಿ ಮುಗೀತು, ಸರಿ. ಆದ್ರೆ ಸಿಡಿಗೆ ಎರಡು ವರ್ಷದ ಗ್ಯಾರಂಟಿ ಇದೆ. ಅಲ್ಲೀವರೆಗೆ ನಿಮ್ಮನ್ನ ತೆಗೆಯೋಕೆ ಯಾರಿಗೂ ಆಗಲ್ಲ.”

ಟೀಚರು ಚೀಲ ಕೆಳಗಿಟ್ಟು ಕುರ್ಚಿಯಲ್ಲಿ ಕೂತರು. ಸುದ್ದಿ ಕೇಳಿ ದರ್ಜಿ ಗಂಡ ಅಂಗಡಿ ಮುಚ್ಚಿ ಬಂದು, ಕೊಡೆ ಹಿಡಿದ ಜವಾನನಿಗೆ ತಾವೇ ಚಹಾ ಕೊಡಿಸಿದರು.

ಗೇಟಿನ ಬಳಿ ಗಣಿತದ ಟೀಚರು ಕಾದಿದ್ದರು. ಹನ್ನೊಂದು ವರ್ಷದಿಂದ ಅವರೂ ತಾತ್ಕಾಲಿಕ.

“ಅಕ್ಕಾ,” ಎಂದರು ಮೆಲ್ಲಗೆ, “ಸಿಡಿ ಆಗೋಕೆ ಯಾರನ್ನ ನೋಡ್ಬೇಕು?”

ಟೀಚರು ದಾರಿ ಹೇಳಿದರು. ಗಣಿತದವರು ಕಾರ್ಖಾನೆ ತಲುಪುವ ಹೊತ್ತಿಗೆ ಅಲ್ಲಿ ಕನ್ನಡದವರು, ಡ್ರಾಯಿಂಗ್ ಮೇಷ್ಟ್ರು, ವ್ಯಾಯಾಮದ ಮೇಷ್ಟ್ರು ಸಾಲಾಗಿ ನಿಂತು, ಒಬ್ಬೊಬ್ಬರಾಗಿ ಗಂಟಲು ಸರಿಮಾಡಿಕೊಳ್ಳುತ್ತಿದ್ದರು.