ಮೂರನೆಯ ಮನೆಯವಳು ಚಿಲಕ ತೆಗೆದಳು

“ತೆಗೀಬಾರ್ದಿತ್ತು ಸೊಲೆದಾದ್, ತೆಗೀಬಾರ್ದಿತ್ತು.”

“ತೆಗೆದಾಯ್ತಲ್ಲ. ಗಾಳಿ ಬರ್ತಿದೆ, ಈಗ ಹಾಕು ಮುದುಕ.”

ದೋನ್ ಫೌಸ್ತಿನೊ ಮತ್ತು ಅವರ ಹೆಂಡತಿ ಹೀಗೆ ವಾದಕ್ಕೆ ನಿಂತಾಗ ಅವರ ಅಂಗಳದೊಳಗೆ ನಾವು ನಲವತ್ತು ಜನ ಮೇಣದಬತ್ತಿ ಹಿಡಿದು ನಿಂತಿದ್ದೆವು. ಕತ್ತೆಯೂ ಒಂದಿತ್ತು. ಆ ಸಂಜೆಯ ಜೋಸೆಫ ನಾನು, ಆದ್ದರಿಂದ ಅದರ ಹಗ್ಗ ನನ್ನ ಕೈಯಲ್ಲಿ. ಕ್ರಿಸ್‌ಮಸ್‌ಗೆ ಮುಂಚಿನ ಒಂಬತ್ತು ಸಂಜೆ, ಊರಿನಲ್ಲಿ ಒಂದೊಂದು ಬೀದಿಯ ಸರದಿ. ಮರಿಯಮ್ಮನೂ ಜೋಸೆಫನೂ ಮನೆಮನೆಗೆ ಹೋಗಿ ಹಾಡುತ್ತ ರಾತ್ರಿ ತಂಗಲು ಜಾಗ ಕೇಳಬೇಕು. ನಾಲ್ಕು ಮನೆಯವರು ಒಳಗಿನಿಂದಲೇ ಹಾಡಿ ಇಲ್ಲ ಅನ್ನಬೇಕು. ಐದನೆಯ ಮನೆಯವರು ಬಾಗಿಲು ತೆಗೆದು ಎಲ್ಲರಿಗೂ ಊಟ ಹಾಕಬೇಕು. ಐದನೆಯದು ದೋನ್ಯಾ ಒದಿಲಿಯಾಳ ಮನೆ. ಇದು ಮೂರನೆಯದು.

ಫೌಸ್ತಿನೊ: ಮುಂದೆ ಹೋಗಿ ಅಂತ ನಾನು ಹಾಡ್ತಾ ಇದೀನಿ, ಪಕ್ಕದಲ್ಲೇ ಇವಳು ಚಿಲಕ ತೆಗೀತಾ ಇದಾಳೆ.

ಸೊಲೆದಾದ್: ನಯೆಲಿ ಚಳೀಲಿ ನಡುಗ್ತಾ ಇದ್ಲು. ಜ್ಞಾನಸ್ನಾನದ ದಿನ ಅವಳನ್ನ ಎತ್ಕೊಂಡಿದ್ದು ನಾನು. ಅದೇ ಕೈಲಿ ಬಾಗಿಲು ಹಾಕ್ಲಾ?

ಆ ಸಂಜೆ ಮರಿಯಮ್ಮನಾಗಿದ್ದ ನಯೆಲಿ ಕತ್ತೆಯಿಂದ ಇಳಿದು ಕುರ್ಚಿ ಹುಡುಕಿಕೊಂಡಳು.

ಫೌಸ್ತಿನೊ: ಅದು ಆಟ ಕಣೇ.

ಸೊಲೆದಾದ್: ಹನ್ನೊಂದು ವರ್ಷ ಆಡಿದೀನಿ. ಪಟ್ಟಿ ಬರೆಯೋಳು ಒದಿಲಿಯಾ. ಇಲ್ಲ ಅನ್ನೋ ಮನೆ ನಮ್ಮದು, ಬನ್ನಿ ಅನ್ನೋ ಮನೆ ಅವಳದು. ದೇವಮಾತೆ ಮುಖಕ್ಕೆ ಬಾಗಿಲು ಹಾಕಿ, ಆಮೇಲೆ ಅವಳ ಹಿಂದೇನೇ ಊಟಕ್ಕೆ ಓಡಬೇಕು. ನಾಚಿಕೆ ಆಗುತ್ತೆ ನನಗೆ.

ಫೌಸ್ತಿನೊ: ಆಯ್ತು, ನಾಚಿಕೊಂಡಾಯ್ತಲ್ಲ. ಏ ಜೋಸೆಫ, ಹೊರಡು. ಇನ್ನೂ ಎರಡು ಮನೆ ಇದೆ.

ನಾನು: ಜಾಗ ಸಿಕ್ಕಿದ ಮೇಲೂ ಜಾಗ ಕೇಳ್ಕೊಂಡು ಹೋದ್ರೆ ಜನ ಏನಂತಾರೆ ದೋನ್ ಫೌಸ್ತಿನೊ?

ಫೌಸ್ತಿನೊ: ಹಾಗಾದ್ರೆ ನಾನೇ ಆಚೆ ಹಾಕ್ತೀನಿ.

ಸೊಲೆದಾದ್: ಹಾಕು. ಒಳಗೆ ಕರೆದು ಆಮೇಲೆ ದಬ್ಬಿದ್ರು ಅಂತ ಶುಭಸಂದೇಶದಲ್ಲಿ ಎಲ್ಲಿದೆ ತೋರಿಸಿ ಹಾಕು.

ಫೌಸ್ತಿನೊ: ಇಷ್ಟು ಜನಕ್ಕೆ ಏನು ಕೊಡ್ತೀಯ?

ಸೊಲೆದಾದ್: ಹಣ್ಣು ಹಾಕಿ ಬಿಸಿ ಪಾನಕ ಕಾಯಿಸಿದೀನಿ. ದೊಡ್ಡ ಹಂಡೆ ತುಂಬ ಇದೆ.

ಫೌಸ್ತಿನೊ: ಯಾವಾಗ ಕಾಯಿಸಿದ್ದು?

ಸೊಲೆದಾದ್: ಬೆಳಿಗ್ಗೆ.

ದೋನ್ ಫೌಸ್ತಿನೊ ಹೆಂಡತಿಯ ಕಡೆಗೆ ಪೂರ್ತಿ ತಿರುಗಿದರು.

ಫೌಸ್ತಿನೊ: ಬೆಳಿಗ್ಗೇನೇ ನಡುಗ್ತಾ ಇದ್ಲಾ ನಯೆಲಿ?

ಉತ್ತರ ಬರುವ ಮೊದಲೇ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ದೋನ್ಯಾ ಒದಿಲಿಯಾ, ಹೊಸ ಶಾಲು ಹೊದ್ದು, ಏದುಸಿರು ಬಿಡುತ್ತ ನಿಂತಿದ್ದಾಳೆ.

ಒದಿಲಿಯಾ: ನನ್ನ ಮರಿಯಮ್ಮ ಎಲ್ಲಿ? ಅಲ್ಲಿ ಇನ್ನೂರು ತಮಾಲೆ ಕಡುಬು ಆರಿಹೋಗ್ತಾ ಇದೆ.

ಸೊಲೆದಾದ್: ಒಳಗೆ ಪಾನಕ ಕುಡೀತಾ ಇದಾಳೆ.

ಒದಿಲಿಯಾ: ಕಳಿಸು.

ಸೊಲೆದಾದ್: ತುಂಬಿದ ಬಸುರಿ. ಈ ಚಳೀಲಿ ಹೇಗೆ ಕಳಿಸ್ಲಿ?

ಒದಿಲಿಯಾ: ಅವಳು ನನ್ನ ಮಗಳು. ಹೊಟ್ಟೆಗೆ ಕಟ್ಟಿರೋದು ನನ್ನ ದಿಂಬು.

ಸೊಲೆದಾದ್: ದಿಂಬು ಬೇಕಿದ್ರೆ ತಗೊಂಡು ಹೋಗು.

ಒಳಗಿನಿಂದ ನಯೆಲಿ: ಅಮ್ಮ, ಪಾನಕ ಚೆನ್ನಾಗಿದೆ.

ಒದಿಲಿಯಾ ಬಾಗಿಲ ಚೌಕಟ್ಟಿಗೆ ಒರಗಿದಳು. ಅವಳ ದನಿ ಇಳಿಯಿತು.

ಒದಿಲಿಯಾ: ಸೊಲೆದಾದ್, ನೀನೇ ಹೇಳು. ಎಲ್ಲರೂ ಹೀಗೆ ಬಾಗಿಲು ತೆಗೀತಾ ಹೋದ್ರೆ ಯೇಸುಸ್ವಾಮಿ ದನದ ಕೊಟ್ಟಿಗೇಲಿ ಹುಟ್ಟೋದು ಹೇಗೆ? ಯಾರಾದ್ರೂ ಇಲ್ಲ ಅನ್ನಲೇಬೇಕಲ್ಲ.

ಸೊಲೆದಾದ್: ಮುಂದಿನ ವರ್ಷ ನೀನು ಅನ್ನು. ಹನ್ನೊಂದು ವರ್ಷದಿಂದ ಪಟ್ಟೀಲಿ ನನಗೆ ಇಲ್ಲ ಅಂತಾನೇ ಬಂದಿದೀಯ, ನಿನಗಿರೋ ರೂಢಿ ಈ ಬೀದೀಲಿ ಯಾರಿಗಿದೆ?

ಒದಿಲಿಯಾ ಶಾಲಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

ಒದಿಲಿಯಾ: ನನಗೆ ಹಾಡೋಕೆ ಬರಲ್ಲ.

ಫೌಸ್ತಿನೊ: ನಾನು ಬಂದು ಹಾಡ್ತೀನಿ ದೋನ್ಯಾ ಒದಿಲಿಯಾ. ನಾನು ‘ಇಲ್ಲ’ ಅನ್ನೋದು ಈ ಮನೇಲಂತೂ ನಡೆಯಲ್ಲ.