ಕುರ್ಚಿರಾಯನ ತೂಕ

ಕುರ್ಚಿರಾಯ ಆ ನೋಟೀಸು ಓದಿದ್ದು ಹಿಂದಿನ ದಿನ ಸಂಜೆ, ಮನೆಗೆ ಹೊರಡುವ ಆತುರದಲ್ಲಿ, ಒಂಟಿ ಕಾಲಲ್ಲಿ ನಿಂತು ಚಪ್ಪಲಿ ಮೆಟ್ಟುತ್ತ. ಓದಿದ ಮೇಲೆ ಇನ್ನೊಂದು ಕಾಲಿಗೆ ಮೆಟ್ಟುವುದು ಮರೆತೇಹೋಯಿತು.

"ರಜೆಯ ವಾರದಲ್ಲಿ ಕಾವಲುಗಾರರ ತೂಕ ಹೆಚ್ಚಾಗಿದೆ ಎಂದು ದೂರು ಬಂದಿದೆ. ನಾಳೆ ಮಧ್ಯಾಹ್ನ ಮೂರಕ್ಕೆ ಸಾಹೇಬರೇ ಬಂದು ನೋಡುತ್ತಾರೆ. ಸಿಕ್ಕಿಬಿದ್ದವರು ಮರುಮಾತಿಲ್ಲದೆ ಹೊರಗಿನ ಗೇಟಿಗೆ."

ಪಕ್ಕದಲ್ಲೇ, ನೋಟೀಸಿನ ಮೈಮೇಲೆ ಒರಗಿದಂತೆ, ಟಿಕೆಟ್ ಕೊಡುವ ಅಕ್ಕ ತಮ್ಮದೊಂದು ಬಣ್ಣದ ಕಾಗದ ಅಂಟಿಸಿದ್ದರು: "ನಾಳೆ ಎರಡೂವರೆಗೆ ಕೆಳಗಿನ ಕೋಣೆಯಲ್ಲಿ ಎಲ್ಲರಿಗೂ ನನ್ನ ಕೈಯಾರೆ ಮಾಡಿದ ಕೇಕು."

ಅವನದು ಹಳೆಯ ವಸ್ತುಗಳ ಸಂಗ್ರಹಾಲಯದಲ್ಲಿ ಮಹಡಿ ಕೋಣೆಯ ಕಾವಲು. ಮೂವತ್ತು ವರ್ಷದಿಂದ ಅದೇ ಕೋಣೆ, ಅದೇ ಕುರ್ಚಿ. ಅಡ್ಡಹೆಸರು ಬಂದದ್ದೂ ಅದರಿಂದಲೇ. ಕುರ್ಚಿಯ ಎದುರಿಗೆ, ಹಿಂದೊಮ್ಮೆ ಧಾನ್ಯದ ಮೂಟೆ ತೂಗುತ್ತಿದ್ದ ಭಾರೀ ತಕ್ಕಡಿ. ಹೊರಗಿನ ಗೇಟಿನಲ್ಲೋ ಕುರ್ಚಿಯಿಲ್ಲ, ನೆರಳಿಲ್ಲ, ದಿನವಿಡೀ ನಿಂತಿರಬೇಕು. ಕುರ್ಚಿರಾಯನ ಮೊಣಕಾಲುಗಳಿಗೆ ಎಂಟು ನಿಮಿಷ ನಿಲ್ಲುವುದೇ ಆಗದ ಮಾತು. ಇನ್ನು ಎಂಟು ಗಂಟೆ ನಿಂತರೆ ಆಸ್ಪತ್ರೆಯೇ ಗತಿ.

ತೂಕ ಹೆಚ್ಚಾಗಿದ್ದೇನೂ ಸುಳ್ಳಲ್ಲ. ರಜೆಗೆ ಬಂದ ನೆಂಟರೆಲ್ಲ ಒಂದೊಂದು ಸಿಹಿ ಡಬ್ಬ ತಂದಿದ್ದರು, ಅವನು ಯಾರಿಗೂ ಬೇಸರ ಮಾಡಿರಲಿಲ್ಲ. ಬೆಲ್ಟನ್ನು ಎರಡು ತೂತು ಸಡಿಲ ಮಾಡಬೇಕಾಗಿ ಬಂದಿತ್ತು. ಮಹಡಿಯ ಮರದ ಮೆಟ್ಟಿಲು ಇವನು ಕಾಲಿಟ್ಟರೆ ಸಾಕು, ಕಿರ್ರೋ ಎನ್ನುತ್ತಿತ್ತು. ದೂರು ಹೋಗಿದ್ದು ಮೆಟ್ಟಿಲಿನ ವಿಷಯಕ್ಕೇ ಇರಬೇಕು!

"ರೀ, ತಟ್ಟೆ ಮುಂದೆ ಕೂತು ಯಾಕೆ ಹೀಗೆ ಬೆವರ್ತಿದೀರಿ?" ಎಂದಳು ಹೆಂಡತಿ.

"ನಾಳೆ ಮೂರು ಗಂಟೆ ದಾಟೋವರೆಗೂ ನನ್ನೆದುರು ಊಟದ ಸುದ್ದಿ ಎತ್ಬೇಡ ಕಣೇ."

ರಾತ್ರಿಯಿಡೀ ಹಸಿವು ಒಂದು ಕಡೆ, ಭಯ ಇನ್ನೊಂದು ಕಡೆ. ಕಣ್ಣಿಗೆ ಕಣ್ಣು ಹತ್ತಲಿಲ್ಲ. ಬೆಳಗಾಗುವ ಮೊದಲೇ ಎದ್ದು ಬೀದಿಯಲ್ಲಿ ಓಡತೊಡಗಿದ. ಎದುರುಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ಗೇಟಿನಲ್ಲೇ ಹಿಡಿದರು. ಅವರ ಕೈಗೆ ಸಿಕ್ಕಮೇಲೆ ಕೇಳಬೇಕೆ?

"ತೂಕ ಇಳಿಸ್ಬೇಕಾ? ಓಡಿದ್ರೆ ಏನು ಬಂತು? ಬಸ್ಕಿ ಹೊಡೀರಿ. ನಾನು ಎಣಿಸ್ತೀನಿ."

"ಮೇಷ್ಟ್ರೇ, ಮೊಣಕಾಲು..."

"ಮಾತಾಡಿದ್ರೆ ಮೊದಲಿಂದ!"

ಅವನು ಎರಡು ಸಲ ಮಾತಾಡಿದ. ಎರಡು ಸಲವೂ ಮೊದಲಿಂದ ಆಯಿತು. ಕಾಲು ನಡುಗುತ್ತಿದ್ದರೂ ಬಸ್ಸಿನ ಆಸೆ ಬಿಟ್ಟು ಕೆಲಸಕ್ಕೆ ನಡೆದೇ ಹೋದ.

ಪಕ್ಕದ ಕೋಣೆಯ ಕಾವಲುಗಾರನನ್ನು ಎಲ್ಲರೂ ಕಡ್ಡಿ ಎನ್ನುತ್ತಿದ್ದರು. ಕುರ್ಚಿರಾಯ ಅವನನ್ನು ಮೂಲೆಗೆ ಎಳೆದು ಪಿಸುಗುಟ್ಟಿದ: "ನೋಟೀಸ್ ನೋಡಿದ್ಯಾ?"

"ಅಂಟಿಸ್ದಾಗ್ಲೇ ನೋಡ್ದೆ ರಾಯ್ರೇ. ನಿಮ್ಮಂಥೋರಿಗೇ ಕಷ್ಟ. ಎಲ್ಲಾ ಊಟದ ಮಹಿಮೆ. ಹೊಟ್ಟೆ ತುಂಬಿದ್ರೆ ಮುಗೀತು."

"ನೀನೇನು ಮಾಡ್ತೀಯ? ಕಡ್ಡಿ ಇದ್ದಂಗಿದೀಯ, ನಿಂಗೇನು ಭಯ?"

"ಅಯ್ಯೋ, ಇದಕ್ಕೆ ದಪ್ಪ ಏನು, ಸಣ್ಣ ಏನು? ಮೂರು ಗಂಟೆವರೆಗೂ ನಾನು ಏನೂ ಮುಟ್ಟಲ್ಲಪ್ಪ."

ಕಡ್ಡಿಯೇ ಹೀಗೆ ನಡುಗುವಾಗ ತನ್ನ ಪಾಡೇನು! ಕುರ್ಚಿರಾಯ ಮಧ್ಯಾಹ್ನದ ಡಬ್ಬಿಯನ್ನು ಬಿಚ್ಚದೆಯೇ ಪಕ್ಕಕ್ಕಿಟ್ಟು ಆ ಮೆಟ್ಟಿಲನ್ನೇ ಇಪ್ಪತ್ತು ಸಲ ಹತ್ತಿಳಿದ. ಇಪ್ಪತ್ತೊಂದನೆಯ ಸಲಕ್ಕೆ ಕೆಳಗೆ ಅಕ್ಕ ತಟ್ಟೆ ಹಿಡಿದು ನಿಂತಿದ್ದರು.

"ಒಂದೇ ಒಂದು ಚೂರು ರಾಯ್ರೇ, ನನ್ನಾಣೆ!"

ಬೆಣ್ಣೆಯ ಘಮಕ್ಕೆ ಬಾಯಲ್ಲಿ ನೀರೂರಿತು. ಅವನು ಬಾಯಿಗೆ ಕೈ ಅಡ್ಡ ಹಿಡಿದು, ಕಳ್ಳನನ್ನು ಕಂಡವನಂತೆ ಮೇಲಕ್ಕೆ ಓಡಿದ. "ಏನಾಗಿದೆ ಇವರಿಗೆ, ನನ್ನ ಕೇಕೇನು ಕಚ್ಚುತ್ತಾ?" ಎಂದು ಅಕ್ಕ ಗೊಣಗಿದ್ದು ಕೇಳಿಸಿತು.

ಎಲ್ಲರೂ ಕೆಳಗೆ ಸೇರಿದ್ದರಿಂದ ಮಹಡಿ ಖಾಲಿಯಾಗಿತ್ತು. ಗಡಿಯಾರದಲ್ಲಿ ಎರಡು ಮುಕ್ಕಾಲು. ಎದುರಿಗೆ ತಕ್ಕಡಿ. ಸಾಹೇಬರು ತೂಕದ ಯಂತ್ರವನ್ನು ಬೇರೆಲ್ಲಿಂದ ತರುತ್ತಾರೆ? ಇದರ ಮೇಲೆಯೇ ಕೂರಿಸುತ್ತಾರೆ, ಅನುಮಾನವೇ ಇಲ್ಲ. ಹಾಗಿದ್ದರೆ ಮೊದಲೇ ಒಮ್ಮೆ ನೋಡಿಬಿಡುವುದು ವಾಸಿ.

ಬೂಟು, ಬೆಲ್ಟು, ಬೀಗದ ಕೈ ಗೊಂಚಲು ಎಲ್ಲವನ್ನೂ ಕಳಚಿಟ್ಟ. ಒಂದು ತಟ್ಟೆಯಲ್ಲಿ ಕಬ್ಬಿಣದ ಹಳೆಯ ತೂಕದ ಬಟ್ಟುಗಳ ರಾಶಿಯಿತ್ತು. ಇನ್ನೊಂದರೊಳಗೆ ದೇವರೇ ಎಂದು ಮೆಲ್ಲಗೆ ಕುಳಿತ. ತಟ್ಟೆ ನೆಲ ಮುಟ್ಟಿತೆಂದರೆ ತನ್ನ ಕತೆ ಮುಗಿಯಿತು. ಉಸಿರು ಬಿಗಿಹಿಡಿದು ಸರಪಳಿಯನ್ನೇ ನೋಡಿದ. ತಟ್ಟೆ ಮುಟ್ಟಲಿಲ್ಲ. ಸುಮ್ಮನೆ ಅತ್ತಿತ್ತ ತೂಗಿತು. ತಕ್ಕಡಿ ತೂಗುವುದೂ ತೊಟ್ಟಿಲು ತೂಗುವುದೂ ಒಂದೇ ಥರ ಎಂದು ಅವನಿಗೆ ಗೊತ್ತಾದದ್ದು ಆಗ. ಆಮೇಲೆ ಏನೂ ಗೊತ್ತಾಗಲಿಲ್ಲ.

"ಏಯ್! ಏಳಯ್ಯ ಮೇಲೆ!"

ಕಣ್ಣು ಬಿಟ್ಟರೆ ಎದುರಿಗೆ ಸಾಹೇಬರು. ಅವರ ಹಿಂದೆ ಕಡ್ಡಿ, ತಟ್ಟೆ ಹಿಡಿದ ಅಕ್ಕ. ಕುರ್ಚಿರಾಯ ತಕ್ಕಡಿಯಲ್ಲೇ ಕೂತು ಕೈಮುಗಿದ.

"ಎಷ್ಟಿದೆ ಸಾಹೇಬ್ರೆ?"

"ಏನು ಎಷ್ಟಿದೆ?"

"ತೂಕ, ಸಾಹೇಬ್ರೆ."

"ನಿನ್ನ ತೂಕ ಕಟ್ಕೊಂಡು ನನಗೇನಾಗ್ಬೇಕು? ಕಾವಲುಗಾರರು ಕೂತಲ್ಲೇ ನಿದ್ದೆ ಹೊಡೀತಾರೆ ಅಂತ ದೂರು ಬಂದಿತ್ತು. ಕುರ್ಚಿ ಮೇಲೆ ಸಿಗ್ತೀರಿ ಅಂದ್ಕೊಂಡ್ರೆ, ನೀನು ನೂರಾರು ವರ್ಷದ ತಕ್ಕಡೀನೇ ಹಾಸಿಗೆ ಮಾಡ್ಕೊಂಡಿದೀಯಲ್ಲಯ್ಯ!"

"ನೋಟೀಸಲ್ಲಿ ತೂಕ ಅಂತಾನೇ ಇತ್ತು ಸಾಹೇಬ್ರೆ, ನನ್ನ ಕಣ್ಣಾರೆ ಓದಿದೀನಿ!"

ಎಲ್ಲರೂ ನೋಟೀಸು ಹಲಗೆಯ ಬಳಿಗೆ ಹೋದರು. ಸಾಹೇಬರು ಅಕ್ಕನ ಬಣ್ಣದ ಕಾಗದವನ್ನು ಪರಪರ ಕಿತ್ತರು. ಮೊದಲನೆಯ ಸಾಲಿನ ಕೊನೆಯಲ್ಲಿ, ತೂಕದ ಬೆನ್ನಿಗೇ ಅಂಟಿಕೊಂಡು, ಎರಡಕ್ಷರ ಹೊರಬಂದವು: ಡಿಕೆ.

"ತೂಕ... ಡಿಕೆ," ಎಂದು ಕುರ್ಚಿರಾಯ ಮಗುವಿನಂತೆ ಕೂಡಿಸಿ ಓದಿದ.

"ತೂಕಡಿಕೆ. ಈಗಲೇ ಗೇಟಿಗೆ ನಡಿ," ಎಂದರು ಸಾಹೇಬರು.

ಬಿಸಿಲಲ್ಲಿ ನಿಂತ ಅವನ ಬಳಿ ಸ್ವಲ್ಪ ಹೊತ್ತಿಗೆ ಅಕ್ಕ ಬಂದರು. ಅವರ ಮುಖ ಬಾಡಿತ್ತು.

"ನನ್ನ ಕಾಗದದಿಂದ ಹೀಗಾಯ್ತಲ್ಲ ರಾಯ್ರೇ. ಇನ್ನೇನು ಭಯ, ಈಗಲಾದ್ರೂ ತಿನ್ನಿ."

ನಿಜ, ಇನ್ನೇನು ಭಯ? ಕುರ್ಚಿರಾಯ ಕಣ್ಣೊರೆಸಿಕೊಂಡು ಒಂದು ಚೂರು ತಿಂದ, ಇನ್ನೊಂದು ತಿಂದ, ಕೊನೆಗೆ ತಟ್ಟೆಯನ್ನೇ ಬರಿದುಮಾಡಿದ. ಇಡೀ ಒಂದು ದಿನದ ಖಾಲಿ ಹೊಟ್ಟೆ ತುಂಬಿತು. ಕಂಬಕ್ಕೆ ಒರಗಿದ. ರೆಪ್ಪೆ ಭಾರವಾಯಿತು.

"ರಾಯ್ರೇ!" ಅಕ್ಕ ಅವನ ತೋಳು ಹಿಡಿದು ಅಲುಗಿಸಿದರು. "ಅಯ್ಯಯ್ಯೋ, ರಾಯ್ರೇ, ಕಣ್ಣು ಬಿಡಿ! ಸಾಹೇಬ್ರ ಕಾರು ಈ ಕಡೆಗೇ ಬರ್ತಿದೆ!"

ಕುರ್ಚಿರಾಯ ನಿಂತಲ್ಲೇ ಗೊರಕೆ ಹೊಡೆಯುತ್ತಿದ್ದ.